ಫ್ಲೆಕ್ಸ್ ಕಟ್ಟುವ ಹುಡುಗರಿಗೆ

ಗಾಯಕರು ಸತ್ತಾಗ ನೀವು ಅಳುವುದನ್ನು ನೋಡಿ ನಗುವ ಹಿರಿಯರ ಪೈಕಿ ನಾನಲ್ಲ ಕಣ್ರಪ್ಪ. ‘ಅವರೇನು ಇವನಿಗೆ ದೊಡ್ಡಪ್ಪನೋ ಚಿಕ್ಕಪ್ಪನೋ’ ಎಂದು ಟೀ ಅಂಗಡಿಯಲ್ಲಿ ಕುಟುಕುವವರು ಕುಟುಕಲಿ. ಹಾಡಿದವರನ್ನು ನೆನೆದು ಹಾಡುವುದು ನಮ್ಮ ಸೀಮೆಗೆ ಹೊಸದಲ್ಲ. ಕೈವಾರದ ತಾತಯ್ಯ ಹೋಗಿ ಎರಡು ಶತಮಾನದ ಹತ್ತಿರ ಬಂತು. ಬಳೆ ಮಾರಿಕೊಂಡು ಊರೂರು ತಿರುಗಿದ ಮನುಷ್ಯ, ತೆಲುಗಿನಲ್ಲೂ ಕನ್ನಡದಲ್ಲೂ ಪದ ಕಟ್ಟಿದರು. ಇವತ್ತಿಗೂ ಗುರುಪೂರ್ಣಿಮೆ ಬಂತೆಂದರೆ ಮಠದಲ್ಲಿ ಹಗಲೂ ರಾತ್ರಿ ಸಂಗೀತ. ಶ್ರೀನಿವಾಸಪುರದ ಕಡೆಯಿಂದ, ಮುಳಬಾಗಿಲಿನ ಕಡೆಯಿಂದ ಭಜನೆ ತಂಡದವರು ತಾಳ, ತಂಬೂರಿ ಹಿಡಿದು ಹೋಗುತ್ತಾರೆ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತು, ಕೈವಾರ ಅತ್ತ ಹೋಯಿತು. ಅದಕ್ಕೆ ಮುಂಚೆ ಅದೂ ನಮ್ಮ ಕೋಲಾರ ಜಿಲ್ಲೆಯೇ. ಹಾಗಾಗಿ ಅಳಿ, ಹಾಡಿ, ಕುಣಿಯಿರಿ, ನನ್ನ ತಕರಾರಿಲ್ಲ.

ನನ್ನ ತಕರಾರು ನಿಮ್ಮ ಫ್ಲೆಕ್ಸಿನ ಮೇಲೆ. ‘ಮತ್ತೆ ಹುಟ್ಟಿ ಬನ್ನಿ’ ಎಂದು ದಪ್ಪಕ್ಷರ, ನಡುವೆ ತೀರಿಹೋದವರ ಮುಖ, ಸುತ್ತ ನಿಮ್ಮ ಇಪ್ಪತ್ತು ಮುಖ. ಕೂಲಿಂಗ್ ಗ್ಲಾಸ್ ಬೇರೆ. ಹಾಡು ಕಟ್ಟಿದವರ ಹೆಸರು ಎಲ್ಲಿ? ಬರೆದವರು ಎಲ್ಲಿ? ನುಡಿಸಿದವರು ಎಲ್ಲಿ? ನಮ್ಮ ಅಭಿಮಾನ ಮುಖದ ಹಿಂದೆ ಹೋಗುತ್ತದೆ, ದನಿಯ ಹಿಂದೆ ಹೋಗುವುದಿಲ್ಲ. ನಾನು ಹೇಳಬೇಕೆಂದು ಕೂತಿರುವುದು ಇಷ್ಟನ್ನೇ. ಉಳಿದದ್ದೆಲ್ಲ ಇದರ ವಿವರ.

2009ರ ಡಿಸೆಂಬರ್ 29ರಂದು ಸಿ. ಅಶ್ವತ್ಥ್ ತೀರಿಕೊಂಡರು. ಹುಟ್ಟಿದ್ದೂ ಡಿಸೆಂಬರ್ 29ರಂದೇ, 1939ರಲ್ಲಿ. ಎಪ್ಪತ್ತು ತುಂಬಿದ ದಿನವೇ ಹೊರಟರು. ಅವರದು ನಯವಾದ ಗಂಟಲಲ್ಲ, ಒರಟು. ಮೇಲಿನ ಸ್ಥಾಯಿಗೆ ಹೋದಾಗ ಎದೆಯೇ ಸೀಳಿ ಬಂದಂತೆ ಕೇಳುತ್ತಿತ್ತು. ಕನ್ನಡದ ರಾಕ್ ಗಾಯಕ ಯಾರು ಎಂದು ನಿಮ್ಮಲ್ಲೊಬ್ಬ ಮೊನ್ನೆ ಕೇಳಿದನಲ್ಲ, ನನ್ನ ಮಟ್ಟಿಗೆ ಅವರೇ. ಸುಗಮ ಸಂಗೀತವೆಂದರೆ ಇನ್ನೂರು ಕುರ್ಚಿಯ ಸಭಾಂಗಣ, ಮುಂದಿನ ಸಾಲಿನಲ್ಲಿ ಶಾಲು ಹೊದ್ದ ಪ್ರೊಫೆಸರು ಎಂಬ ಕಾಲದಲ್ಲಿ ಅದನ್ನು ಮೈದಾನಕ್ಕೆ ತಂದವರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರು ‘ಕನ್ನಡವೇ ಸತ್ಯ’ ಕಾರ್ಯಕ್ರಮ ನಡೆಸಿದಾಗ ಸೇರಿದ ಜನ ಲಕ್ಷ ದಾಟಿತ್ತು. ಇನ್ನೆರಡು ವರ್ಷಕ್ಕೆ ಅದೇ ಮೈದಾನಕ್ಕೆ ಇಂಗ್ಲೆಂಡಿನ ಐರನ್ ಮೇಡನ್ ತಂಡ ಬಂತು, ಕಪ್ಪು ಟೀ ಶರ್ಟಿನ ಹುಡುಗರು ಕಿಕ್ಕಿರಿದರು. ಕವಿತೆಗೆ ಸೇರಿದ ಜನ ರಾಕ್‌ಗೆ ಸೇರಿದ ಜನಕ್ಕೆ ಕಡಿಮೆ ಇರಲಿಲ್ಲ ಎಂಬುದನ್ನು ಈಗ ಎಷ್ಟು ಜನ ನಂಬುತ್ತಾರೋ.

ಅಂಥವರು ಹೋದ ಮರುದಿನ ಬೆಳಗಿನ ಜಾವ ಮೈಸೂರಿನಲ್ಲಿ ವಿಷ್ಣುವರ್ಧನ್ ಹೋದರು. ಅವರಿಗಿನ್ನೂ 59. ಟಿ.ವಿ. ಕ್ಯಾಮೆರಾಗಳು ಅತ್ತ ತಿರುಗಿದವು, ಜನರೂ ತಿರುಗಿದರು. ವಿಷ್ಣು ಅಭಿಮಾನಿಗಳನ್ನು ನಾನು ದೂರುವುದಿಲ್ಲ, ಆ ಸಂಕಟ ಸುಳ್ಳಲ್ಲ. ಆದರೆ ಅಶ್ವತ್ಥರ ಪಾಲಿನ ದುಃಖ ಒಂದೇ ದಿನಕ್ಕೆ ಮುಗಿಯಿತು. ಆಮೇಲಿನ ವರ್ಷಗಳಲ್ಲೂ ಡಿಸೆಂಬರ್ 30ಕ್ಕೆ ನಮ್ಮಲ್ಲಿ ಅನ್ನದಾನ ಇದೆ, ರಕ್ತದಾನ ಶಿಬಿರ ಇದೆ. ಹಿಂದಿನ ದಿನ ಮೈಕಿನ ಸದ್ದಿಲ್ಲ.

ಕೋಲಾರದವರಿಗೆ ಅಶ್ವತ್ಥ್ ಹೊರಗಿನವರೇನಲ್ಲ, ಕೇಳಿ. ಅವರು ಬಹಳ ವರ್ಷ ದುಡಿದದ್ದು ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ. ಮಾರಿಕುಪ್ಪಂ ಕಡೆಯಿಂದ ಬರುವ ಪ್ಯಾಸೆಂಜರನ್ನು ಬಂಗಾರಪೇಟೆ, ಟೇಕಲ್, ಮಾಲೂರಿನಲ್ಲಿ ಊಟದ ಡಬ್ಬಿ ಹಿಡಿದು ಹತ್ತಿ, ಕೃಷ್ಣರಾಜಪುರದಲ್ಲಿ ಇಳಿದು ಅದೇ ಗೇಟು ಹೊಕ್ಕ ನಮ್ಮ ಕಡೆಯವರು ಎಷ್ಟೋ ಮಂದಿ. ಅವರು ಟೆಲಿಫೋನು ಮಾಡುವ ಕಡೆಯೇ ಅಶ್ವತ್ಥರೂ ಸಂಬಳ ಎಣಿಸಿ, ಸಂಜೆ ಹಾರ್ಮೋನಿಯಂ ಮುಂದೆ ಕೂರುತ್ತಿದ್ದರು. ಸ್ವತಂತ್ರವಾಗಿ ಸಂಗೀತ ಕೊಟ್ಟ ಮೊದಲ ಸಿನಿಮಾ ‘ಕಾಕನಕೋಟೆ’. ಅದು ಯಾರ ನಾಟಕ? ನಮ್ಮ ಮಾಲೂರು ತಾಲ್ಲೂಕಿನ ಮಾಸ್ತಿಯವರದು. ಸಿ.ಆರ್. ಸಿಂಹ ನಿರ್ದೇಶನ. ಮಾಸ್ತಿಯವರ ಪದಕ್ಕೆ ಅಶ್ವತ್ಥ್ ಹಾಕಿದ ಧಾಟಿಯನ್ನು ಈಗಲೂ ಶಾಲೆಯ ಮಕ್ಕಳು ಹಾಡುತ್ತಾರೆ, ಎರಡೂ ಹೆಸರು ಗೊತ್ತಿಲ್ಲದೆ. ಇನ್ನೊಂದು ವಿಚಿತ್ರ: ಮಾಸ್ತಿ ಹುಟ್ಟಿದ್ದು 1891ರ ಜೂನ್ 6, ಹೋದದ್ದು 1986ರ ಜೂನ್ 6. ಪದ ಬರೆದವರೂ ಧಾಟಿ ಹಾಕಿದವರೂ ಇಬ್ಬರೂ ಹುಟ್ಟಿದ ದಿನವೇ ಸತ್ತವರು. ಜಾತಕ ನೋಡುವವರು ಏನು ಹೇಳುತ್ತಾರೋ ನನಗೆ ಬೇಡ. ನಮಗಂತೂ ಜಯಂತಿ, ಪುಣ್ಯತಿಥಿ ಎಂದು ಎರಡು ಸಲ ಚಂದಾ ಎತ್ತುವ ಕೆಲಸ ತಪ್ಪಿಸಿದ್ದಾರೆ.

ಅಶ್ವತ್ಥರದು ಒಂದೇ ಆಗಿದ್ದರೆ ದುರದೃಷ್ಟ ಎಂದು ಸುಮ್ಮನಾಗುತ್ತಿದ್ದೆ. 2020ರ ಸೆಪ್ಟೆಂಬರ್ 25ರಂದು ಎಸ್.ಪಿ. ಬಾಲಸುಬ್ರಹ್ಮಣ್ಯಂ ತೀರಿಕೊಂಡರು. ಕೊರೊನಾ ಕಾಲ, ಗುಂಪು ಸೇರುವಂತಿಲ್ಲ, ಆದರೂ ಕೋಲಾರ ಅತ್ತಿತು. ಅಳದೆ ಏನು? ನಮ್ಮದು ತೆಲುಗು ಕನ್ನಡ ಎರಡೂ ಒಂದೇ ಬಾಯಲ್ಲಿ ಆಡುವ ಸೀಮೆ. ಅವರೊಬ್ಬರು ಎರಡೂ ಮನೆಯಲ್ಲಿ ಉಂಡವರು. ಟೊಮೆಟೊ ಹೊತ್ತು ರಾತ್ರಿ ಹೊತ್ತು ಎಪಿಎಂಸಿಗೆ ಹೋಗುವ ಟೆಂಪೋದಲ್ಲಿ ಮುಳಬಾಗಿಲು ದಾಟುವವರೆಗೆ ತೆಲುಗಿನ ಬಾಲು, ಆಮೇಲೆ ಕನ್ನಡದ ಬಾಲು. ಸರಿಯಾಗಿ ಹದಿನಾರು ದಿನಕ್ಕೆ, ಅಕ್ಟೋಬರ್ 11ರಂದು, ಬೆಂಗಳೂರಿನಲ್ಲಿ ರಾಜನ್ ಹೋದರು. ಯಾವ ರಾಜನ್ ಎಂದಿರಾ? ರಾಜನ್-ನಾಗೇಂದ್ರ ಜೋಡಿಯ ಅಣ್ಣ. ತಮ್ಮ ನಾಗೇಂದ್ರ 2000ದಲ್ಲೇ ಹೋಗಿದ್ದರು. ‘ಬಯಲುದಾರಿ’, ‘ಹೊಂಬಿಸಿಲು’, ‘ಗಾಳಿಮಾತು’: ನೀವು ರಸಮಂಜರಿಯಲ್ಲಿ ಬಾಲು ಹಾಡು ಎಂದು ಹಾಡಿಸುವುದರಲ್ಲಿ ಎಷ್ಟೊಂದು ಆ ಅಣ್ಣತಮ್ಮಂದಿರದು. ಬಾಲು ಫೋಟೋಗೆ ಹಾಕಿದ ಹಾರ ಒಣಗುವ ಮೊದಲೇ ರಾಜನ್ ಹೋದರು, ಪಕ್ಕದಲ್ಲಿ ಇನ್ನೊಂದು ಫೋಟೋ ಇಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಬಾಲು ಬದುಕಿದ್ದಿದ್ದರೆ ಅವರೇ ಇಡಿಸುತ್ತಿದ್ದರು. ಟಿ.ವಿ.ಯಲ್ಲಿ ಅವರು ನಡೆಸಿಕೊಡುತ್ತಿದ್ದ ‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮ ನೋಡಿದವರಿಗೆ ಇದು ಗೊತ್ತು. ಮಗು ಒಂದು ಹಾಡು ಮುಗಿಸಿದ ಮೇಲೆ ಬರೆದವರ ಹೆಸರು, ಸಂಗೀತದವರ ಹೆಸರು, ಆ ಹಾಡಿನ ಹಿಂದಿನ ಕತೆ ಎಲ್ಲ ಹೇಳುತ್ತಿದ್ದರು. ಉಚ್ಚಾರ ತಪ್ಪಿದರೆ ಅಲ್ಲೇ ತಿದ್ದುತ್ತಿದ್ದರು. ಅವರ ಅಭಿಮಾನಿ ಎಂದು ಹೇಳಿಕೊಂಡು ಒಬ್ಬ ಕವಿಯ ಹೆಸರೂ ಹೇಳದೆ ಹನ್ನೆರಡು ಹಾಡು ಹಾಡಿಸಿ ಮುಗಿಸುವುದು ಬಾಲು ಅವರಿಗೇ ಒಪ್ಪದ ಕೆಲಸ.

ರಾಜ್‌ಕುಮಾರ್ ತೀರಿದ್ದು ಏಪ್ರಿಲ್ 12, ಅದು ನಿಮಗೆ ಬಾಯಿಪಾಠ. 1974ರ ‘ಸಂಪತ್ತಿಗೆ ಸವಾಲ್’ವರೆಗೆ ಹೆಚ್ಚಾಗಿ ಅವರಿಗೆ ದನಿಯಾಗಿದ್ದ ಪಿ.ಬಿ. ಶ್ರೀನಿವಾಸ್ ತೀರಿದ್ದು 2013ರ ಏಪ್ರಿಲ್ 14. ಎರಡೇ ದಿನದ ಅಂತರ. ಅಂದು ನಮ್ಮಲ್ಲಿ ಅಂಬೇಡ್ಕರ್ ಜಯಂತಿ, ಊರೆಲ್ಲ ನೀಲಿ ಬಾವುಟ, ಮೈಕು ಹೇಗೂ ಕಟ್ಟಿರುತ್ತದೆ. ಒಂದು ಹಾಡು ಆ ಮುದುಕ ಶ್ರೀನಿವಾಸರ ಹೆಸರಲ್ಲಿ ಹಾಡಿದರೆ ಯಾರೂ ಬೇಡ ಎನ್ನುವುದಿಲ್ಲ.

ಈಗ ಸ್ವಲ್ಪ ಕಹಿ ಮಾತು. 2006ರ ಏಪ್ರಿಲ್‌ನಲ್ಲಿ ರಾಜ್‌ಕುಮಾರ್ ಹೋದಾಗ ಬೆಂಗಳೂರಿನಲ್ಲಿ ಏನಾಯಿತೆಂದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ, ನೀವಿನ್ನೂ ತೊಟ್ಟಿಲಲ್ಲಿ ಇದ್ದಿರಿ. ಬಸ್ಸುಗಳು ಸುಟ್ಟವು, ಕಲ್ಲು ತೂರಾಟ ನಡೆಯಿತು, ಲಾಠಿ, ಗೋಲಿಬಾರ್. ಪೊಲೀಸ್ ಪೇದೆಯೊಬ್ಬರೂ ಸೇರಿ ಹಲವರು ಸತ್ತರು. ಎಂಥವರ ಸಾವಿಗೆ? ನಟನೆ ಬಿಡಿ, ‘ಜೀವನ ಚೈತ್ರ’ದ ಒಂದು ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ ಗಾಯಕ, ಅಭಿಮಾನಿಗಳನ್ನು ದೇವರು ಎಂದು ಕೈಮುಗಿದವರು. ಆ ದೇವರುಗಳೇ ಅವರ ಅಂತಿಮ ದರ್ಶನವನ್ನು ಹಾಳು ಮಾಡಿದರು. ಆಡಳಿತದ ತಪ್ಪು ಇರಲಿಲ್ಲ ಎನ್ನುವುದಿಲ್ಲ, ಇತ್ತು. ಹಾಗೆಂದು ಬೆಂಕಿ ಹಚ್ಚಿದ ಕೈ ಆಡಳಿತದ್ದಲ್ಲ. 2021ರ ಅಕ್ಟೋಬರ್ 29ರಂದು ಅವರ ಮಗ ಪುನೀತ್, ಬರೀ 46ಕ್ಕೆ, ಹೋದಾಗ ಕಂಠೀರವ ಕ್ರೀಡಾಂಗಣದ ಮುಂದೆ ಲಕ್ಷಾಂತರ ಜನ ಸಾಲು ನಿಂತು, ನೋಡಿ, ಅತ್ತು, ಮನೆಗೆ ಹೋದರು. ನಮ್ಮ ಕಡೆಯಿಂದಲೂ ಎಷ್ಟೋ ಹುಡುಗರು ರಾತ್ರಿಯೇ ಹೊರಟು ಹೋಗಿ ನಿಂತರು. ಪುನೀತ್ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು, ಆಮೇಲೆ ನಾಡಿನಾದ್ಯಂತ ಜನ ನೇತ್ರದಾನಕ್ಕೆ ಹೆಸರು ಬರೆಸಲು ಮುಗಿಬಿದ್ದರು. ಹದಿನೈದು ವರ್ಷದಲ್ಲಿ ಅಭಿಮಾನಿಗಳು ಕಲಿತರು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಕಲಿತದ್ದನ್ನು ಮರೆಯಬೇಡಿ. ಇನ್ನು ಮುಂದೆ ಯಾರೇ ಹೋಗಲಿ, ಅಂಗಡಿ ಬಲವಂತವಾಗಿ ಮುಚ್ಚಿಸುವ ಗುಂಪಿನಲ್ಲಿ ನಿಮ್ಮ ಮುಖ ಕಾಣಕೂಡದು.

ಜಗಳ ಮಾಡಬೇಕೆನಿಸಿದರೆ ಧಾಟಿಗಾಗಿ ಜಗಳ ಮಾಡಿ, ಅದು ನನಗೂ ಇಷ್ಟ. ಕುವೆಂಪು ಅವರ ನಾಡಗೀತೆಯ ವಿಚಾರ ನೆನಪಿದೆಯಲ್ಲ? ಮೈಸೂರು ಅನಂತಸ್ವಾಮಿಯವರ ಧಾಟಿಯೋ ಅಶ್ವತ್ಥರ ಧಾಟಿಯೋ ಎಂದು ವರ್ಷಗಟ್ಟಲೆ ಗುದ್ದಾಟ. ಅನಂತಸ್ವಾಮಿ ತೀರಿದ್ದು 1995ರಲ್ಲಿ, ಅಶ್ವತ್ಥ್ 2009ರಲ್ಲಿ. ಇಬ್ಬರೂ ಇಲ್ಲ, ಅವರ ಪರವಾಗಿ ಶಿಷ್ಯರೂ ಅಭಿಮಾನಿಗಳೂ ವಾದಿಸುತ್ತಲೇ ಇದ್ದರು. 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯಲ್ಲೇ, ಎರಡೂವರೆ ನಿಮಿಷದಲ್ಲಿ ಹಾಡಬೇಕೆಂದು ಆದೇಶ ಮಾಡಿತು. ಅದು ಹೈಕೋರ್ಟಿಗೂ ಹೋಗಿ 2024ರಲ್ಲಿ ಅರ್ಜಿ ವಜಾ ಆಯಿತು. ಪತ್ರಿಕೆಗಳಲ್ಲಿ ಕೆಲವರು ‘ಇದೆಂಥ ಕ್ಷುಲ್ಲಕ ಜಗಳ’ ಎಂದರು. ಕ್ಷುಲ್ಲಕವೇನು ಬಂತು? ಸತ್ತ ಇಬ್ಬರು ಸಂಗೀತಗಾರರ ಸ್ವರಗಳನ್ನು ನ್ಯಾಯಾಲಯದ ಮುಂದಿಟ್ಟು ವಾದಿಸುವ ನಾಡು ಕಿವುಡು ನಾಡಲ್ಲ. ಆ ವಾದ ಮಾಡಬೇಕಾದರೆ ಎರಡು ಧಾಟಿಯನ್ನೂ ಕಲಿತಿರಬೇಕು. ಬಸ್ಸಿಗೆ ಕಲ್ಲು ಹೊಡೆಯಲು ಏನನ್ನೂ ಕಲಿಯಬೇಕಿಲ್ಲ.

ಸ್ಮಾರಕದ ಗೀಳಿನಿಂದಲೂ ದೂರ ಇರಿ. ವಿಷ್ಣುವರ್ಧನ್ ಸ್ಮಾರಕ ಮೈಸೂರಿನಲ್ಲಿ ಉದ್ಘಾಟನೆ ಆದದ್ದು 2023ರಲ್ಲಿ. ಹದಿಮೂರು ವರ್ಷ ಜಾಗದ ಜಗಳ. ತೆಲಂಗಾಣದ ಹಾಡುಗಾರ ಗದ್ದರ್ 2023ರ ಆಗಸ್ಟ್ 6ರಂದು ಹೋದರು. ಅವರನ್ನು ಮಣ್ಣು ಮಾಡಿದ್ದು ಅವರೇ ಕಟ್ಟಿದ್ದ ಶಾಲೆಯ ಆವರಣದಲ್ಲಿ. ಯಾರ ಜಮೀನು ಎಂಬ ಪ್ರಶ್ನೆಯೇ ಏಳಲಿಲ್ಲ. ಹಾಗೆಂದು ಸ್ಮಾರಕ ಕಟ್ಟಿದವರೆಲ್ಲ ಮೂರ್ಖರೂ ಅಲ್ಲ. ನಂಜನಗೂಡಿನಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳು, ಬೆಂಗಳೂರು ನಾಗರತ್ನಮ್ಮ, ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿ ಪಾಳುಬಿದ್ದಿದೆ ಎಂದು ಕೇಳಿ ಹೋದರು. 1920ರ ದಶಕ. ಹಾಡಿ ಗಳಿಸಿದ ದುಡ್ಡು, ಒಡವೆ ಎಲ್ಲ ಸುರಿದು ಗುಡಿ ಕಟ್ಟಿಸಿದರು. ಕಟ್ಟಿಸಿದ ಮೇಲೂ ಆರಾಧನೆಯಲ್ಲಿ ಹೆಂಗಸರು ಹಾಡಕೂಡದು ಎಂಬ ಗಂಡಸರ ಕಟ್ಟಳೆ. ಅವರು ಅಳುತ್ತ ಕೂರಲಿಲ್ಲ, ಹೆಂಗಸರದೇ ಗೋಷ್ಠಿ ಮಾಡಿ ಹಾಡಿದರು. 1952ರಲ್ಲಿ ತೀರಿದ ಮೇಲೆ ಅವರ ಸಮಾಧಿಯೂ ಅಲ್ಲೇ ಆಯಿತು. ಅಭಿಮಾನಿ ಸಂಘಕ್ಕೆ ಯಾರದಾದರೂ ಹೆಸರಿಡಬೇಕೆಂದಿದ್ದರೆ ನಾಗರತ್ನಮ್ಮನ ಹೆಸರಿಡಿ. ಸತ್ತು ಎಪ್ಪತ್ತೈದು ವರ್ಷ ಕಳೆದಿದ್ದ ಸಂಗೀತಗಾರರಿಗಾಗಿ ಸ್ವಂತ ದುಡ್ಡು ಕಳೆದುಕೊಂಡ ಅಭಿಮಾನಿ ಅವರು. ರಸೀದಿ ಪುಸ್ತಕ ಹಿಡಿದು ಅಂಗಡಿ ಅಂಗಡಿ ಸುತ್ತಿದವರಲ್ಲ.

ಇನ್ನು ನಮ್ಮ ಮನೆಯ ಮುಂದಿನ ವಿಷಯ. ಸಾವಿನ ಮುಂದೆ ಕುಣಿಯುವ ಊರು ನಮ್ಮದು. ಹೆಣದ ಮುಂದೆ ತಮಟೆ ಇರಲೇಬೇಕು. ಆ ತಮಟೆ ಹೊಡೆದವರು ಯಾರು? ಹೊಲಗೇರಿಯಿಂದ, ಮಾದಿಗರ ಕೇರಿಯಿಂದ ಕರೆಸಿಕೊಂಡವರು. ಕರೆಸಿಕೊಂಡರು ಎನ್ನುವುದೂ ಮೆತ್ತಗಿನ ಮಾತು, ಬರದಿದ್ದರೆ ಉಳಿಗಾಲವಿರಲಿಲ್ಲ. ಕಾದ ಚರ್ಮದ ಮೇಲೆ ಬೆರಳು ಒಡೆಯುವವರೆಗೆ ಬಾರಿಸಿ, ಹೆಣದ ಮುಂದೆ ಮೈಲುಗಟ್ಟಲೆ ನಡೆದು, ದೂರದಲ್ಲಿ ಎಲೆ ಹಾಕಿಸಿಕೊಂಡು ಉಂಡವರು. ಎಪ್ಪತ್ತು, ಎಂಬತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಹುಡುಗರು ಕೋಲಾರದ ಹಳ್ಳಿಗಳಲ್ಲಿ ಹಾಡು ಕಟ್ಟಿಕೊಂಡು ತಿರುಗಿದಾಗ ಇದನ್ನು ಪ್ರಶ್ನಿಸಿದರು. ಅದೇ ತಮಟೆಯನ್ನು ಹೆಣದ ಮುಂದಿನಿಂದ ಕಿತ್ತು ವೇದಿಕೆಯ ಮೇಲೆ ಇಟ್ಟರು. ಗಿಟಾರ್ ಹಿಡಿದವರಷ್ಟೇ ರಾಕ್ ಸಂಗೀತಗಾರರು ಎಂದುಕೊಂಡಿದ್ದರೆ ಒಮ್ಮೆ ಹುಣ್ಣಿಮೆ ರಾತ್ರಿ ಅಂತರಗಂಗೆ ಬೆಟ್ಟ ಹತ್ತಿ ತೇರಹಳ್ಳಿಯ ಆದಿಮಕ್ಕೆ ಹೋಗಿ. ‘ಹುಣ್ಣಿಮೆ ಹಾಡು’ ಅಂದರೆ ಏನೆಂದು ಗೊತ್ತಾಗುತ್ತದೆ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆಗಾಗಿ ಪದ್ಮಶ್ರೀ ಬಂದಾಗ ನನಗೆ ಖುಷಿಗಿಂತ ಹೆಚ್ಚಾಗಿ ಒಂದು ಲೆಕ್ಕ ತೀರಿದ ಹಾಗೆ ಅನಿಸಿತು. ಪೂರ್ತಿ ತೀರಿಲ್ಲ. ಊರಿನವರ ಸಾವಿಗೆಲ್ಲ ಬಾರಿಸಿದವನು ಸತ್ತಾಗ ಊರಿನ ಎಷ್ಟು ಜನ ಅವನ ಕೇರಿಗೆ ಹೋದರು? ಎಸ್‌ಪಿಬಿಗೆ ಸ್ಟೇಟಸ್ ಹಾಕಿದ ಹುಡುಗರೇ, ಇದಕ್ಕೆ ಉತ್ತರ ನಿಮ್ಮ ಅಪ್ಪಂದಿರನ್ನು ಕೇಳಿ.

ವಯಸ್ಸಾದ ದನಿಯ ಬಗ್ಗೆ ಒಂದು ಮಾತು. ಮುಪ್ಪಿನಲ್ಲಿ ಯಾರಾದರೂ ವೇದಿಕೆ ಹತ್ತಿ, ಮೇಲಿನ ಸ್ವರ ಸಿಗದೆ ಒದ್ದಾಡಿದರೆ ಅದನ್ನು ಕತ್ತರಿಸಿ ಮೊಬೈಲಿನಲ್ಲಿ ಹಂಚಿ ನಗುತ್ತೀರಿ. ಅವರು ಸತ್ತ ದಿನ ನೀವೇ ‘ಗಾನ ಗಂಧರ್ವ’ ಎನ್ನುತ್ತೀರಿ. ಮಧ್ಯದ ವರ್ಷಗಳಲ್ಲಿ ಅವರ ಬಾಗಿಲು ಯಾರೂ ತಟ್ಟುವುದಿಲ್ಲ. ವಾಣಿ ಜಯರಾಂ ಅವರಿಗೆ ಪದ್ಮಭೂಷಣ ಘೋಷಣೆಯಾದದ್ದು 2023ರ ಜನವರಿ ಕೊನೆಗೆ. ಫೆಬ್ರುವರಿ 4ರಂದು ಚೆನ್ನೈನ ಮನೆಯಲ್ಲಿ ಒಬ್ಬರೇ ಇದ್ದಾಗ ತೀರಿಕೊಂಡರು, ಪದಕ ಕೈಗೆ ಬರಲಿಲ್ಲ. ಇದಕ್ಕೆ ತದ್ವಿರುದ್ಧವಾಗಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಊರಿನವರು ಒಂದು ಕೆಲಸ ಮಾಡಿದರು. ಅದೂ ಕೆಜಿಎಫ್‌ನ ಹಾಗೆ ಮಸಿಯ ಊರು, ಕಾರ್ಖಾನೆಗಳ ಊರು. ಬ್ಲ್ಯಾಕ್ ಸಬತ್ ತಂಡದ ಗಿಟಾರ್ ವಾದಕ ಟೋನಿ ಅಯೋಮಿಯ ಬೆರಳ ತುದಿಗಳು ಕಾರ್ಖಾನೆಯ ಯಂತ್ರಕ್ಕೆ ಹೋಗಿದ್ದವು, ಆ ಕೈಯಲ್ಲೇ ನುಡಿಸಿದವನು. ಅದೇ ತಂಡದ ಗಾಯಕ ಆಝಿ ಆಸ್ಬೋರ್ನ್‌ಗೆ ಪಾರ್ಕಿನ್ಸನ್ ಕಾಯಿಲೆ, ನಿಲ್ಲಲಾಗುತ್ತಿರಲಿಲ್ಲ. 2025ರ ಜುಲೈ 5ರಂದು ಹುಟ್ಟೂರಿನ ಮೈದಾನದಲ್ಲಿ ಕುರ್ಚಿಯ ಮೇಲೆ ಕೂರಿಸಿ ಹಾಡಿಸಿದರು. ಕಿರಿಯ ತಂಡಗಳೆಲ್ಲ ಬಂದು ಅವನ ಕಣ್ಣೆದುರೇ ಅವನ ಹಾಡು ಹಾಡಿದವು. ಹದಿನೇಳು ದಿನಕ್ಕೆ ಅವನು ಹೋದ. ಹೇಳಬೇಕಾದ್ದನ್ನೆಲ್ಲ ಕೇಳಿಸಿಕೊಂಡು ಹೋದ. ಶ್ರದ್ಧಾಂಜಲಿ ಸಭೆಯ ಭಾಷಣವನ್ನು ತೀರಿಹೋಗುವ ಮೊದಲೇ ಮಾಡಬಾರದೆಂದು ಯಾವ ಶಾಸ್ತ್ರದಲ್ಲೂ ಇಲ್ಲ.

ಆದ್ದರಿಂದ ನಿಮಗೆ ಹೇಳುವುದು ಇಷ್ಟು. ಈ ಸೆಪ್ಟೆಂಬರ್‌ನಲ್ಲಿ ಬಾಲು ನೆನಪಿಗೆ ರಸಮಂಜರಿ ಇಡಿ, ಖಂಡಿತ ಇಡಿ. ಟ್ರ್ಯಾಕ್ ಹಾಕಿ ಹಾಡಿಸಬೇಡಿ. ಕೀಬೋರ್ಡ್, ತಬಲಾ, ರಿದಂ ಪ್ಯಾಡ್ ನುಡಿಸುವ ನಮ್ಮ ಜಿಲ್ಲೆಯ ಹುಡುಗರನ್ನು ಕರೆಸಿ, ದುಡ್ಡನ್ನು ವೇದಿಕೆ ಹತ್ತುವ ಮುಂಚೆ ಕೊಡಿ. ಪ್ರತಿ ಹಾಡಿಗೂ ಬರೆದವರ, ಸಂಗೀತದವರ ಹೆಸರು ಮೈಕಿನಲ್ಲಿ ಬರಲಿ. ಫ್ಲೆಕ್ಸಿನಿಂದ ನಿಮ್ಮ ಮುಖ ತೆಗೆದರೆ ರಾಜನ್, ನಾಗೇಂದ್ರ ಇಬ್ಬರಿಗೂ ಜಾಗ ಆಗುತ್ತದೆ.

ಇನ್ನೊಂದು ಕೆಲಸ ಸೆಪ್ಟೆಂಬರ್‌ವರೆಗೆ ಕಾಯುವಂಥದ್ದಲ್ಲ. ನಿಮ್ಮ ನಿಮ್ಮ ಊರಿನಲ್ಲಿ ತತ್ವಪದ ಹಾಡುವ ಅಜ್ಜ, ಸೋಬಾನೆ ಹೇಳುವ ಅಜ್ಜಿ, ತಮಟೆಯ ವರಸೆಗಳೆಲ್ಲ ಕೈಯಲ್ಲಿರುವ ತಾತ ಇದ್ದೇ ಇರುತ್ತಾರೆ. ಈ ಭಾನುವಾರ ಹೋಗಿ, ಎಲೆಅಡಿಕೆ ಕೊಟ್ಟು, ಕೇಳಿ ಒಪ್ಪಿಸಿ, ಅದೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಹಾಡಿದವರ ಹೆಸರು, ಊರು, ಯಾರಿಂದ ಕಲಿತದ್ದು, ತಾರೀಖು, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.